ಮೂರು ಚೆಂಡು, ನಾಲ್ಕು ತಲೆಮಾರು
ವಿಲ್ಸನ್ ಜೋನ್ಸ್‌ರಿಂದ ಪಂಕಜ್ ಅಡ್ವಾಣಿಯವರೆಗೆ: ಹಿರಿಯರಲ್ಲಿ ಹಿರಿಯ ಯಾರು?

ರಾಯದುರ್ಗದ ಬಸ್ ನಿಲ್ದಾಣದ ಬಳಿಯಾಗಲಿ, ಮಡಕಶಿರಾದ ಸಂತೆಯ ಬೀದಿಯಲ್ಲಾಗಲಿ, ಚಹದ ಲೋಟ ಕೈಗೆ ಬಂದೊಡನೆ ಹುಟ್ಟುವ ವಾದಗಳಲ್ಲಿ ಕ್ರಿಕೆಟ್ಟಿನದೇ ಮೇಲುಗೈ. ಗಾವಸ್ಕರ್ ದೊಡ್ಡವರೋ ತೆಂಡೂಲ್ಕರ್ ದೊಡ್ಡವರೋ, ವಿಶ್ವನಾಥರ ಸ್ಕ್ವೇರ್ ಕಟ್ ಮೇಲೋ ದ್ರಾವಿಡರ ತಾಳ್ಮೆ ಮೇಲೋ ಎಂಬ ಪ್ರಶ್ನೆಗಳು ತೀರ್ಮಾನ ಕಾಣದೆ ಮರುದಿನಕ್ಕೆ ಮುಂದುವರಿಯುತ್ತವೆ. ಕ್ರಿಕೆಟ್ಟಿನಲ್ಲಿ ಭಾರತ ವಿಶ್ವಕಪ್ ಗೆದ್ದದ್ದು 1983ರಲ್ಲಿ. ಅದಕ್ಕೆ ಸರಿಯಾಗಿ 25 ವರ್ಷ ಮೊದಲೇ ಈ ದೇಶದ ಒಬ್ಬ ವ್ಯಕ್ತಿ ಕಲ್ಕತ್ತೆಯಲ್ಲಿ ವಿಶ್ವ ಚಾಂಪಿಯನ್ ಆಗಿದ್ದರು. ಆ ಆಟ ಬಿಲಿಯರ್ಡ್ಸ್; ಆ ವ್ಯಕ್ತಿ ವಿಲ್ಸನ್ ಜೋನ್ಸ್. ಅಂದಿನಿಂದ ಇಂದಿನವರೆಗೆ ಈ ಆಟದಲ್ಲಿ ಭಾರತಕ್ಕೆ ವಿಶ್ವಮಟ್ಟದ ಆಟಗಾರರ ಕೊರತೆ ಎಂದೂ ಉಂಟಾಗಿಲ್ಲ. ಕೊನೆಯವರೂ ಎಲ್ಲರಿಗಿಂತ ಹೆಚ್ಚು ಪ್ರಶಸ್ತಿಗಳನ್ನು ಗೆದ್ದವರೂ ಆದ ಪಂಕಜ್ ಅಡ್ವಾಣಿ ಬೆಳೆದದ್ದು ಮಡಕಶಿರಾದಿಂದ ಸುಮಾರು 150 ಕಿ.ಮೀ. ದೂರದ ಬೆಂಗಳೂರಿನಲ್ಲಿ. ಆದರೂ ಚಹದಂಗಡಿಯ ವಾದದೊಳಗೆ ಈ ಹೆಸರುಗಳು ಬರುವುದು ಅಪರೂಪ.

ಬಾರದಿರುವುದಕ್ಕೆ ಕಾರಣವೂ ಇದೆ. ಬ್ಯಾಟು ಚೆಂಡಿಲ್ಲದಿದ್ದರೂ ಮರದ ತುಂಡಿನಿಂದ ಕ್ರಿಕೆಟ್ ಆಡಬಹುದು. ಗೋಲಿಗೆ ನೆಲ ಸಾಕು. ಕೇರಂಗೆ ಒಂದು ಹಲಗೆ ಸಾಕು. ಬಿಲಿಯರ್ಡ್ಸ್ ಹಾಗಲ್ಲ. ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲದ ಆ ಮೇಜಿನ ಹಸಿರು ಬಟ್ಟೆಯ ಕೆಳಗಿರುವುದು ಮರವಲ್ಲ, ಕಲ್ಲು: ಮನೆಯ ಕಟ್ಟೆಗೆ ಹಾಸುವ ಕಡಪ ಕಲ್ಲಿನಂತೆ ನುಣುಪಾದ ಸ್ಲೇಟಿನ ಚಪ್ಪಡಿಗಳು. ಮೇಜಿನ ಒಟ್ಟು ತೂಕ ಒಂದು ಟನ್ನಿಗೂ ಮಿಗಿಲು. ಅದನ್ನು ಇರಿಸಲು ವಿಶಾಲವಾದ ಕೋಣೆ ಬೇಕು. ಒಂದಿಷ್ಟೂ ವಾಲದ ನೆಲ ಬೇಕು. ಬಟ್ಟೆಯನ್ನು ಕಾಲಕಾಲಕ್ಕೆ ಬದಲಿಸಬೇಕು. ಹೀಗಾಗಿ ಈ ಆಟ ಮೊದಲಿನಿಂದಲೂ ಸೇನಾ ಮೆಸ್ಸುಗಳ, ಅಧಿಕಾರಿಗಳ ಕ್ಲಬ್ಬುಗಳ, ಮಹಾನಗರಗಳ ಜಿಮ್‌ಖಾನಾಗಳ ಸೊತ್ತಾಗಿ ಉಳಿಯಿತು. ಸ್ನೂಕರ್ ಹುಟ್ಟಿದ್ದೇ ಭಾರತದಲ್ಲಿ. 1875ರಲ್ಲಿ ಜಬಲ್ಪುರದ ಸೇನಾ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಯುವ ಅಧಿಕಾರಿ ಅದನ್ನು ರೂಪಿಸಿದನೆಂದೂ, ಕೆಲವು ವರ್ಷಗಳ ಬಳಿಕ ಉದಕಮಂಡಲದ ಕ್ಲಬ್ಬಿನಲ್ಲಿ ಅದರ ನಿಯಮಗಳು ಬರಹರೂಪ ಪಡೆದವೆಂದೂ ಆಟದ ಇತಿಹಾಸ ಹೇಳುತ್ತದೆ. ಆಗ ಉದಕಮಂಡಲವೂ, ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿದ್ದ ರಾಯದುರ್ಗವೂ, ಮಡಕಶಿರಾವೂ ಒಂದೇ ಮದರಾಸು ಪ್ರಾಂತಕ್ಕೆ ಸೇರಿದ್ದವು.

ಒಂದೇ ಮೇಜು, ಮೂರು ಆಟ

ಹೋಲಿಕೆಗೆ ಕೈಹಾಕುವ ಮುನ್ನ ಆಟಗಳ ವ್ಯತ್ಯಾಸವನ್ನು ತಿಳಿಯುವುದು ಉಚಿತ. ಬಿಲಿಯರ್ಡ್ಸ್‌ನಲ್ಲಿ ಇರುವುದು ಮೂರೇ ಚೆಂಡು; ಇಬ್ಬರು ಆಟಗಾರರಿಗೆ ಒಂದೊಂದು, ಜೊತೆಗೆ ಒಂದು ಕೆಂಪು. ತನ್ನ ಚೆಂಡಿನಿಂದ ಉಳಿದೆರಡನ್ನೂ ತಾಕಿಸಿದರೆ 2 ಅಂಕ. ಅದಕ್ಕೆ ಕ್ಯಾನನ್ ಎಂದು ಹೆಸರು. ಕೆಂಪು ಚೆಂಡನ್ನು ಪಾಕೆಟ್ಟಿಗೆ ಬೀಳಿಸಿದರೂ, ಕೆಂಪನ್ನು ತಾಕಿದ ಬಳಿಕ ತನ್ನ ಚೆಂಡೇ ಪಾಕೆಟ್ಟಿಗೆ ಬಿದ್ದರೂ 3 ಅಂಕ. ಸ್ನೂಕರಿನಲ್ಲಿ 15 ಕೆಂಪು ಚೆಂಡುಗಳೂ ಬೇರೆ ಬಣ್ಣದ ಆರು ಚೆಂಡುಗಳೂ ಇರುತ್ತವೆ. ಪ್ರತಿ ಕೆಂಪಿನ ಬಳಿಕ 7 ಅಂಕದ ಕಪ್ಪನ್ನೇ ಬೀಳಿಸುತ್ತ, ಕೊನೆಗೆ ಆರು ಬಣ್ಣಗಳನ್ನೂ ಕ್ರಮವಾಗಿ ಮುಗಿಸಿದರೆ 147 ಅಂಕ. ಅದೇ ಪರಿಪೂರ್ಣ ಆಟ. ಪೂಲ್ ಮೇಜು ಇವೆರಡಕ್ಕಿಂತ ಚಿಕ್ಕದು, ಅದರ ಪಾಕೆಟ್ಟುಗಳು ಅಗಲವಾದವು. ಅಮೆರಿಕ ಮತ್ತು ಫಿಲಿಪೀನ್ಸ್ ದೇಶಗಳಲ್ಲಿ ಅದು ಜನಸಾಮಾನ್ಯರ ಆಟ. ಮೂರರಲ್ಲೂ ಒಬ್ಬ ಆಟಗಾರ ತಪ್ಪದೆ ಒಂದೇ ಸರದಿಯಲ್ಲಿ ಗಳಿಸುವ ಅಂಕಗಳ ಮೊತ್ತಕ್ಕೆ ಬ್ರೇಕ್ ಅಥವಾ ರನ್ ಎನ್ನುತ್ತಾರೆ.

ಹಳಬರನ್ನೂ ಹೊಸಬರನ್ನೂ ತೂಗಲು ಹೊರಟವರು ಮೊದಲು ಎಡವುವುದು ಈ ಬ್ರೇಕಿನ ಲೆಕ್ಕದಲ್ಲಿಯೇ. ಅಮೆರಿಕದ ಪೂಲ್ ಇತಿಹಾಸದ ದಿಗ್ಗಜ ವಿಲ್ಲಿ ಮೊಸ್ಕೋನಿ 1954ರಲ್ಲಿ ಒಂದೇ ಸರದಿಯಲ್ಲಿ 526 ಚೆಂಡುಗಳನ್ನು ಪಾಕೆಟ್ಟಿಗೆ ಬೀಳಿಸಿದರು. ಆರು ದಶಕಗಳಿಗೂ ಮೀರಿ ಅದು ದಾಖಲೆಯಾಗಿ ನಿಂತಿತು. 2019ರಲ್ಲಿ ಜಾನ್ ಶ್ಮಿಟ್ 626 ಚೆಂಡುಗಳ ಮೂಲಕ ಅದನ್ನು ಮುರಿದರು. ಹಾಗಾದರೆ ಶ್ಮಿಟ್ ಮೊಸ್ಕೋನಿಗಿಂತ ದೊಡ್ಡವರೇ? ಮೊಸ್ಕೋನಿ ಆಡಿದ್ದು ಎಂಟು ಅಡಿಯ ಮೇಜಿನ ಮೇಲೆ, ಪ್ರದರ್ಶನ ಪಂದ್ಯವೊಂದರಲ್ಲಿ, ಒಂದೇ ಅವಕಾಶದಲ್ಲಿ. ಶ್ಮಿಟ್ ಆಡಿದ್ದು ಒಂಬತ್ತು ಅಡಿಯ ಮೇಜಿನ ಮೇಲೆ, ದಾಖಲೆಯನ್ನೇ ಗುರಿಯಾಗಿಸಿಕೊಂಡು ಎಷ್ಟೋ ದಿನ ಮರಳಿ ಮರಳಿ ಯತ್ನಿಸಿ. ಒಬ್ಬರಿಗೆ ಮೇಜು ಸುಲಭ, ಅವಕಾಶ ಒಂದೇ; ಇನ್ನೊಬ್ಬರಿಗೆ ಮೇಜು ಕಠಿಣ, ಅವಕಾಶ ಹಲವು. ಅಂಕಿಗಳನ್ನು ಮಾತ್ರ ಪಕ್ಕಪಕ್ಕಕ್ಕೆ ಬರೆದರೆ ಈ ಭೇದ ಮರೆಯಾಗುತ್ತದೆ.

ಬಿಲಿಯರ್ಡ್ಸ್‌ನ ಕತೆಯೂ ಹೀಗೆಯೇ. ಆಸ್ಟ್ರೇಲಿಯದ ವಾಲ್ಟರ್ ಲಿಂಡ್ರಮ್ 1932ರಲ್ಲಿ ಲಂಡನ್ನಿನಲ್ಲಿ 4137 ಅಂಕಗಳ ಬ್ರೇಕ್ ಮಾಡಿದರು. ಮೂರು ಚೆಂಡುಗಳನ್ನೂ ಮೇಜಿನ ಅಂಚಿಗೆ ಒತ್ತಿಕೊಂಡು, ಅಂಗುಲ ಅಂಗುಲವಾಗಿ ಸರಿಸುತ್ತ ಕ್ಯಾನನ್ ಮೇಲೆ ಕ್ಯಾನನ್ ಹೊಡೆಯುವುದರಲ್ಲಿ ಅವರಿಗೆ ಸಾಟಿ ಇರಲಿಲ್ಲ. ಎದುರಾಳಿ ಗಂಟೆಗಟ್ಟಲೆ ಕುರ್ಚಿಯಲ್ಲಿ ಕುಳಿತಿರಬೇಕಾಗುತ್ತಿತ್ತು. ಕೊನೆಗೆ ನಿಯಮವನ್ನೇ ಬದಲಿಸಿ, ಇಂತಿಷ್ಟು ಅಂಕಗಳಿಗೊಮ್ಮೆ ಆಟಗಾರನ ಚೆಂಡು ಮೇಜಿನ ಒಂದು ತುದಿಯ ಗೆರೆಯನ್ನು ದಾಟಲೇಬೇಕೆಂದು ವಿಧಿಸಲಾಯಿತು. ಮುಂದೆ ಕೆಂಪು ಚೆಂಡನ್ನು ಒಂದೇ ಸ್ಥಾನದಿಂದ ಮತ್ತೆ ಮತ್ತೆ ಬೀಳಿಸುವುದಕ್ಕೂ ಮಿತಿ ಬಂದಿತು. ಆದ್ದರಿಂದ 1932ರ 4137 ಅಂಕಗಳನ್ನೂ 1992ರಲ್ಲಿ ಗೀತ್ ಸೇಥಿ ಗಳಿಸಿದ 1276 ಅಂಕಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ. ಸೇಥಿಯವರ ಕಾಲಿಗೆ ಕಟ್ಟಿದ್ದ ಹಗ್ಗಗಳು ಲಿಂಡ್ರಮ್ ಕಾಲಿಗೆ ಇರಲಿಲ್ಲ. ಆ ಹಗ್ಗಗಳಲ್ಲಿ ಮೊದಲನೆಯದನ್ನು ಕಟ್ಟುವಂತೆ ಮಾಡಿದ್ದೇ ಲಿಂಡ್ರಮ್ ಆಟ.

ಜೋನ್ಸ್: ಮೊದಲ ಬಾಗಿಲು

ಭಾರತದ ನಾಲ್ವರನ್ನು ಈಗ ಒಬ್ಬೊಬ್ಬರಾಗಿ ನೋಡಬಹುದು. ವಿಲ್ಸನ್ ಜೋನ್ಸ್ 1922ರಲ್ಲಿ ಪುಣೆಯಲ್ಲಿ ಜನಿಸಿದರು. ಹನ್ನೆರಡು ಬಾರಿ ರಾಷ್ಟ್ರೀಯ ಬಿಲಿಯರ್ಡ್ಸ್ ಪ್ರಶಸ್ತಿ ಅವರದಾಯಿತು. ವಿಶ್ವಮಟ್ಟದಲ್ಲಿ ಮಾತ್ರ ಗೆಲುವು ಬೇಗ ಕೈಹಿಡಿಯಲಿಲ್ಲ. ಸೋಲುಗಳನ್ನು ಕಂಡ ಬಳಿಕ, 1958ರ ಡಿಸೆಂಬರಿನಲ್ಲಿ, ಕಲ್ಕತ್ತೆಯ ಗ್ರೇಟ್ ಈಸ್ಟರ್ನ್ ಹೋಟೆಲಿನಲ್ಲಿ ಅವರು ವಿಶ್ವ ಹವ್ಯಾಸಿ ಚಾಂಪಿಯನ್ ಆದರು. ಯಾವುದೇ ಕ್ರೀಡೆಯಲ್ಲಿ ವೈಯಕ್ತಿಕ ವಿಶ್ವ ಪ್ರಶಸ್ತಿ ಪಡೆದ ಮೊದಲ ಭಾರತೀಯ ಅವರೇ. 1964ರಲ್ಲಿ ನ್ಯೂಜಿಲೆಂಡಿನಲ್ಲಿ ಮತ್ತೊಮ್ಮೆ ಗೆದ್ದರು.

ಎರಡೇ ವಿಶ್ವ ಪ್ರಶಸ್ತಿ ಎಂದು ಇಂದಿನ ಓದುಗನಿಗೆ ಅನ್ನಿಸಬಹುದು. ಆದರೆ ಆಗ ವಿಶ್ವ ಪಂದ್ಯಾವಳಿ ವರ್ಷ ವರ್ಷವೂ ನಡೆಯುತ್ತಿರಲಿಲ್ಲ. ನಡೆದಾಗ ಗೆಲ್ಲಲು ಇದ್ದದ್ದು ಒಂದೇ ಪ್ರಶಸ್ತಿ. ಪಂದ್ಯಗಳು ಗಂಟೆಗಳ ಕಾಲ ಸಾಗುತ್ತಿದ್ದವು. ಹವ್ಯಾಸಿ ಆಟಗಾರನಿಗೆ ಬಹುಮಾನದ ಹಣವಿರಲಿಲ್ಲ. ಹೊಟ್ಟೆಪಾಡಿಗೆ ಬೇರೆ ಉದ್ಯೋಗ ಬೇಕಿತ್ತು. ಭಾರತೀಯನೊಬ್ಬ ಇಂಗ್ಲೆಂಡ್, ಆಸ್ಟ್ರೇಲಿಯಗಳ ಆಟಗಾರರನ್ನು ಅವರದೇ ಆಟದಲ್ಲಿ ಮಣಿಸಬಲ್ಲನೆಂಬುದಕ್ಕೆ ಆವರೆಗೆ ನಿದರ್ಶನವೇ ಇರಲಿಲ್ಲ. ಮುಂದೆ ಬಂದವರೆಲ್ಲರಿಗೂ ಆ ನಿದರ್ಶನ ಸಿದ್ಧವಾಗಿತ್ತು. ಅರ್ಜುನ, ಪದ್ಮಶ್ರೀ ಪುರಸ್ಕಾರಗಳ ಬಳಿಕ, ಗುರುವಾಗಿ ಸಲ್ಲಿಸಿದ ಸೇವೆಗೆ 1996ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿಯೂ ಅವರಿಗೆ ಸಂದಿತು. 2003ರಲ್ಲಿ ಅವರು ನಿಧನರಾದರು.

ಫೆರೇರಾ: ಮಾನದ ಪ್ರಶ್ನೆ

ಮುಂಬಯಿಯ ಮೈಕೆಲ್ ಫೆರೇರಾ ಮೊದಲ ಬಾರಿ ವಿಶ್ವ ಪಂದ್ಯಾವಳಿಗೆ ಹೋದದ್ದು 1964ರಲ್ಲಿ, ಜೋನ್ಸ್ ಎರಡನೆಯ ಸಲ ಗೆದ್ದ ಆ ನ್ಯೂಜಿಲೆಂಡಿಗೇ. 1977, 1981 ಮತ್ತು 1983ರಲ್ಲಿ ಅವರು ವಿಶ್ವ ಹವ್ಯಾಸಿ ಪ್ರಶಸ್ತಿ ಗೆದ್ದರು. 1978ರ ರಾಷ್ಟ್ರೀಯ ಪಂದ್ಯಾವಳಿಯಲ್ಲಿ 1149 ಅಂಕಗಳ ಬ್ರೇಕ್ ಮಾಡಿ ಸಾವಿರದ ಗಡಿ ದಾಟಿದರು. ಮೇಜಿನ ಬಳಿ ಅವರ ಹಟವನ್ನು ಕಂಡ ಜನ ‘ಬಾಂಬೆ ಹುಲಿ’ ಎಂದು ಕರೆದರು.

ಅವರ ಹೆಸರು ಆಟದ ಪುಟದಿಂದ ಮುಖಪುಟಕ್ಕೆ ಬಂದದ್ದು ಬೇರೊಂದು ಕಾರಣಕ್ಕೆ. 1981ರಲ್ಲಿ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿದಾಗ ಅವರು ಅದನ್ನು ನಿರಾಕರಿಸಿದರು. ಕ್ರಿಕೆಟಿಗ ಗಾವಸ್ಕರರಿಗೆ ಪದ್ಮಭೂಷಣ ಸಲ್ಲುವುದಾದರೆ ವಿಶ್ವ ಚಾಂಪಿಯನ್ನನಿಗೆ ಅದಕ್ಕಿಂತ ಕಡಿಮೆಯದು ಏಕೆ ಎಂಬುದು ಅವರ ವಾದ. ಇದನ್ನು ಅಹಂಕಾರವೆಂದವರೂ ಇದ್ದರು. 1983ರಲ್ಲಿ ಪದ್ಮಭೂಷಣವೇ ಬಂದಿತು. ಈ ಆಟದಲ್ಲಿ ಆ ಗೌರವ ಪಡೆದವರಲ್ಲಿ ಅವರೇ ಮೊದಲಿಗರು. ಬಿಲಿಯರ್ಡ್ಸ್ ಕೆಲವರ ವಿನೋದವಲ್ಲ, ಕ್ರಿಕೆಟ್ಟಿಗೆ ಸಮನಾದ ಕ್ರೀಡೆ ಎಂಬ ಮಾತನ್ನು ಅಷ್ಟು ಗಟ್ಟಿಯಾಗಿ ಹೇಳಿದವರು ಅವರಿಗೆ ಮೊದಲು ಯಾರೂ ಇರಲಿಲ್ಲ.

ಸೇಥಿ: ಕಾಲಗಳ ನಡುವಿನ ಸೇತುವೆ

1961ರಲ್ಲಿ ಹುಟ್ಟಿ ಅಹಮದಾಬಾದಿನಲ್ಲಿ ಬೆಳೆದ ಗೀತ್ ಸೇಥಿ 1982ರ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಫೆರೇರಾ ಅವರನ್ನೇ ಸೋಲಿಸಿ ಬೆಳಕಿಗೆ ಬಂದರು. ಮೂರು ವರ್ಷಗಳ ಬಳಿಕ ದೆಹಲಿಯಲ್ಲಿ ನಡೆದ ವಿಶ್ವ ಹವ್ಯಾಸಿ ಪಂದ್ಯಾವಳಿಯ ಅಂತಿಮ ಪಂದ್ಯ, ತಲೆಮಾರುಗಳನ್ನು ಹೋಲಿಸುವವರು ಅವಶ್ಯ ನೆನೆಯಬೇಕಾದ ಪಂದ್ಯ. ಸೇಥಿಗೆ ಎದುರಾದವರು ಆಸ್ಟ್ರೇಲಿಯದ ಬಾಬ್ ಮಾರ್ಷಲ್. ಮಾರ್ಷಲ್ ಮೊದಲ ಬಾರಿ ವಿಶ್ವ ಪ್ರಶಸ್ತಿ ಗೆದ್ದದ್ದು 1936ರಲ್ಲಿ; ಜೋನ್ಸ್ ಎದುರಿಸಬೇಕಾಗಿದ್ದ ಕಾಲದ ಬಲಿಷ್ಠರಲ್ಲಿ ಅವರೊಬ್ಬರು. 1985ರಲ್ಲಿ ಎಪ್ಪತ್ತು ದಾಟಿದ್ದ ಆ ವೃದ್ಧ ಇಪ್ಪತ್ತನಾಲ್ಕರ ಯುವಕನ ಎದುರು ಎಂಟು ಗಂಟೆಗಳ ಅಂತಿಮ ಪಂದ್ಯಕ್ಕೆ ನಿಂತರು. ಗೆದ್ದವರು ಸೇಥಿ. ಆದರೆ ಅರ್ಧ ಶತಮಾನದ ಹಿಂದಿನ ಚಾಂಪಿಯನ್ ಅಲ್ಲಿಯವರೆಗೆ ಬಂದರೆಂಬುದೇ, ಹಳಬರ ಆಟವನ್ನು ಹಗುರವಾಗಿ ಕಾಣುವವರಿಗೆ ಸಾಕಷ್ಟು ಉತ್ತರ.

ಸೇಥಿಯವರ ಇನ್ನೊಂದು ಸಾಧನೆ ಹವ್ಯಾಸಿಯ ಅಂಗಳದಿಂದ ವೃತ್ತಿಪರರ ಅಂಗಳಕ್ಕೆ ದಾಟಿದ್ದು. 1992, 1993, 1995, 1998 ಮತ್ತು 2006ರಲ್ಲಿ ಅವರು ವೃತ್ತಿಪರ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದರು. ರಾಷ್ಟ್ರೀಯ ಹವ್ಯಾಸಿ ಸ್ನೂಕರಿನಲ್ಲಿ 147ರ ಪರಿಪೂರ್ಣ ಬ್ರೇಕನ್ನೂ ಮಾಡಿದ್ದರು. ಖೇಲ್ ರತ್ನ ಪಡೆದವರ ಸಾಲಿನಲ್ಲಿ ಅವರು ಎರಡನೆಯವರು. ಬೆಂಗಳೂರಿನ ಪ್ರಕಾಶ್ ಪಡುಕೋಣೆಯವರೊಡನೆ ಸೇರಿ ಅವರು ಸ್ಥಾಪಿಸಿದ ‘ಒಲಿಂಪಿಕ್ ಗೋಲ್ಡ್ ಕ್ವೆಸ್ಟ್’ ಸಂಸ್ಥೆ ಇತರ ಕ್ರೀಡೆಗಳ ಅನೇಕ ತರುಣರಿಗೆ ಆಸರೆಯಾಗಿದೆ. ತಮ್ಮ ಆಟಕ್ಕೆ ಒಲಿಂಪಿಕ್ಸ್‌ನಲ್ಲಿ ಸ್ಥಾನವೇ ಇಲ್ಲದ ಒಬ್ಬ ಆಟಗಾರ ಬೇರೆಯವರ ಒಲಿಂಪಿಕ್ ಪದಕಕ್ಕಾಗಿ ದುಡಿದದ್ದು ಸಣ್ಣ ಸಂಗತಿಯಲ್ಲ.

ಅಡ್ವಾಣಿ: ಎರಡು ದೋಣಿಯ ಪಯಣ

ಪಂಕಜ್ ಅಡ್ವಾಣಿ ಹುಟ್ಟಿದ್ದು 1985ರಲ್ಲಿ, ಜೋನ್ಸ್ ಹುಟ್ಟಿದ ಪುಣೆಯಲ್ಲಿಯೇ. ಬಾಲ್ಯದ ಕೆಲವು ವರ್ಷ ಕುವೈತಿನಲ್ಲಿ ಕಳೆದು, ಬಳಿಕ ಕುಟುಂಬದೊಡನೆ ಬೆಂಗಳೂರಿಗೆ ಬಂದರು. ಅಣ್ಣ ಶ್ರೀ ಅಡ್ವಾಣಿ ಆಡುವುದನ್ನು ನೋಡುತ್ತ ಹತ್ತರ ವಯಸ್ಸಿನಲ್ಲಿ ಕೋಲು ಹಿಡಿದರು. ಮಾಜಿ ರಾಷ್ಟ್ರೀಯ ಆಟಗಾರ ಅರವಿಂದ ಸವೂರ್ ಗುರುವಾದರು. ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಮೇಜುಗಳು ಪಾಠಶಾಲೆಯಾದವು. 2003ರಲ್ಲಿ, ಹದಿನೆಂಟರ ಹರೆಯದಲ್ಲಿ, ಚೀನಾದಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿ ಬಂದಿತು. ಭಾರತೀಯರಲ್ಲಿ ಅದಕ್ಕೆ ಮೊದಲು ಅದನ್ನು ಗೆದ್ದವರು 1984ರ ಓಂ ಅಗರ್‌ವಾಲ್ ಒಬ್ಬರೇ. 2005ರಲ್ಲಿ ಮಾಲ್ಟಾದಲ್ಲಿ ಬಿಲಿಯರ್ಡ್ಸ್‌ನ ಅಂಕ ಮಿತಿಯ ಹಾಗೂ ಕಾಲ ಮಿತಿಯ ಪ್ರಶಸ್ತಿಗಳೆರಡನ್ನೂ ಒಟ್ಟಿಗೆ ಗೆದ್ದರು. 2008ರಲ್ಲಿ ಬೆಂಗಳೂರಿನಲ್ಲಿಯೇ ಅದನ್ನು ಪುನರಾವರ್ತಿಸಿದರು. 2009ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ, ಹಲವು ಬಾರಿಯ ವಿಶ್ವ ವಿಜೇತ ಮೈಕ್ ರಸೆಲ್ಲರನ್ನು ಮಣಿಸಿ ವೃತ್ತಿಪರ ಪ್ರಶಸ್ತಿಯನ್ನೂ ತಂದರು. 2006 ಮತ್ತು 2010ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಅವರದಾಯಿತು. 2024ರ ನವೆಂಬರಿನಲ್ಲಿ ದೋಹಾದಲ್ಲಿ ಗೆದ್ದಾಗ ಅವರ ವಿಶ್ವ ಪ್ರಶಸ್ತಿಗಳ ಎಣಿಕೆ 28ಕ್ಕೆ ಏರಿತು.

ಇಪ್ಪತ್ತೆಂಟರ ಎದುರು ಜೋನ್ಸ್‌ರ ಎರಡು ಏನು ಎಂದು ಕೇಳುವುದು ಸುಲಭ. ಆದರೆ ಅಡ್ವಾಣಿಯವರ ಕಾಲದಲ್ಲಿ ಅಂಕ ಮಿತಿ, ಕಾಲ ಮಿತಿ, ಹದಿನೈದು ಕೆಂಪಿನ ಸ್ನೂಕರ್, ಆರು ಕೆಂಪಿನ ಸ್ನೂಕರ್, ತಂಡ ಸ್ಪರ್ಧೆ ಎಂದು ಬಾಗಿಲುಗಳು ಹಲವು. ಅವು ಬಹುಪಾಲು ವರ್ಷವರ್ಷವೂ ತೆರೆಯುತ್ತವೆ. ಆದ್ದರಿಂದ ಅವರ ಹಿರಿಮೆ 28 ಎಂಬ ಅಂಕಿಯಲ್ಲಿ ಮಾತ್ರ ಇಲ್ಲ. ಬಿಲಿಯರ್ಡ್ಸ್ ಮತ್ತು ಸ್ನೂಕರ್ ಒಂದೇ ಮೇಜಿನ ಮೇಲಿನ ಆಟಗಳಾದರೂ ಬೇಡುವ ಕೈಚಳಕ ಬೇರೆ. ಒಂದರಲ್ಲಿ ಚೆಂಡುಗಳನ್ನು ಹತ್ತಿರ ಹತ್ತಿರ ಉಳಿಸಿಕೊಂಡು ಮೃದುವಾಗಿ ತಟ್ಟಬೇಕು. ಇನ್ನೊಂದರಲ್ಲಿ ಮೇಜಿನ ಉದ್ದಕ್ಕೂ ನೇರವಾಗಿ, ಗಟ್ಟಿಯಾಗಿ ಹೊಡೆಯಬೇಕು. ಒಂದರಲ್ಲಿ ಪಳಗಿದ ಕೈ ಇನ್ನೊಂದರಲ್ಲಿ ತಡವರಿಸುತ್ತದೆ. ಆ ಎರಡು ದೋಣಿಗಳ ಮೇಲೆ ಕಾಲಿಟ್ಟು ಎರಡು ದಶಕ ಮುಳುಗದೆ ಸಾಗಿದ್ದೇ ಅಡ್ವಾಣಿಯವರ ನಿಜವಾದ ವೈಶಿಷ್ಟ್ಯ. 2012ರಿಂದ ಎರಡು ವರ್ಷ ವೃತ್ತಿಪರ ಸ್ನೂಕರ್ ವಲಯದಲ್ಲಿ ಆಡಿ, ಎರಡೂ ಆಟಗಳನ್ನು ಉಳಿಸಿಕೊಳ್ಳಲೆಂದು ಅವರು ಹಿಂದಿರುಗಿದರು. ಆ ವಲಯದಲ್ಲಿ ಉಳಿದಿದ್ದರೆ ಏನಾಗುತ್ತಿತ್ತೆಂಬ ಪ್ರಶ್ನೆ ಅವರ ಅಭಿಮಾನಿಗಳನ್ನೂ ಕಾಡುತ್ತದೆ.

ತೀರ್ಪು ಕೊಡಲೇಬೇಕೆಂದರೆ ಹೀಗೆ ಹೇಳಬಹುದು: ಎಲ್ಲ ಬಗೆಯ ಆಟಗಳನ್ನೂ ಒಟ್ಟಾಗಿ ತೂಗಿದರೆ ಅಡ್ವಾಣಿಗೆ ಸಮನಾದವರಿಲ್ಲ. ಇಟ್ಟ ಒಂದು ಹೆಜ್ಜೆಯ ಕಷ್ಟವನ್ನೇ ಅಳತೆಯಾಗಿ ಹಿಡಿದರೆ 1958ರ ಜೋನ್ಸ್‌ರಿಗೆ ಸಮನಾದವರಿಲ್ಲ. ಈ ಎರಡರ ನಡುವಿನ ದಾರಿಯನ್ನು ಫೆರೇರಾ ಮತ್ತು ಸೇಥಿ ಹಾಕಿಕೊಟ್ಟಿರದಿದ್ದರೆ ಬೆಂಗಳೂರಿನ ಹುಡುಗನಿಗೆ ನಡೆಯಲು ದಾರಿಯೇ ಇರುತ್ತಿರಲಿಲ್ಲ.

ತಡವಾಗಿ ಬಂದವರು

ಈ ಹೋಲಿಕೆಗಳಲ್ಲಿ ಬಹುಮಟ್ಟಿಗೆ ಕೈಬಿಟ್ಟುಹೋಗುವವರು ಮಹಿಳೆಯರು. ಗಡಿನಾಡಿನ ಓದುಗರಿಗೆ ಹೆಚ್ಚು ಹತ್ತಿರವಾಗಬೇಕಾದ ಕತೆ ಅವರದೇ. ಕರ್ನಾಟಕ ಸರ್ಕಾರದ ನೌಕರಿಯಲ್ಲಿದ್ದ ಉಮಾದೇವಿ ನಾಗರಾಜ್ ಕೋಲು ಹಿಡಿದದ್ದು ಮೂವತ್ತರ ಆಸುಪಾಸಿನಲ್ಲಿ, ಕಚೇರಿಯ ದುಡಿಮೆಯ ಬಳಿಕ ನೌಕರರ ಕ್ಲಬ್ಬಿಗೆ ಟೇಬಲ್ ಟೆನ್ನಿಸ್ ಆಡಲು ಹೋಗುತ್ತಿದ್ದಾಗ. 2012ರಲ್ಲಿ ಅವರು ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಚಾಂಪಿಯನ್ ಆದರು. ಚಿತ್ರಾ ಮಗಿಮೈರಾಜ್ ಹಾಕಿಯಿಂದ ಈ ಆಟಕ್ಕೆ ಬಂದು ರಾಷ್ಟ್ರೀಯ ಪೂಲ್ ಪ್ರಶಸ್ತಿಯನ್ನೂ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿಯನ್ನೂ ಗೆದ್ದರು. ವಿದ್ಯಾ ಪಿಳ್ಳೈ 2017ರ ವಿಶ್ವ ಮಹಿಳಾ ಸ್ನೂಕರಿನ ಅಂತಿಮ ಪಂದ್ಯದಲ್ಲಿ 5-6ರಿಂದ, ಒಂದೇ ಫ್ರೇಮಿನ ಅಂತರದಲ್ಲಿ ಸೋತರು. ಮೂವರೂ ಬೆಂಗಳೂರಿನಲ್ಲಿ ಆಡಿ ಬೆಳೆದವರು. ಉಮಾದೇವಿಯವರ ಪ್ರತಿಭೆ ಮೂವತ್ತು ವರ್ಷ ಎಲ್ಲಿತ್ತು? ಅವರೊಳಗೇ ಇತ್ತು, ಮೇಜು ಎದುರಿಗೆ ಇರಲಿಲ್ಲ, ಅಷ್ಟೇ.

ಫಿಲಿಪೀನ್ಸ್‌ನ ಪೂಲ್ ಮಾಂತ್ರಿಕ ಎಫ್ರೆನ್ ರೆಯೆಸ್ ಕತೆ ಇದನ್ನೇ ಇನ್ನೊಂದು ಬದಿಯಿಂದ ಹೇಳುತ್ತದೆ. ಬಡ ಕುಟುಂಬದ ಆ ಹುಡುಗ ಮನಿಲಾದಲ್ಲಿ ಚಿಕ್ಕಪ್ಪನ ಪೂಲ್ ಅಂಗಡಿಯಲ್ಲಿ ಕೆಲಸಕ್ಕಿದ್ದು, ರಾತ್ರಿ ಮೇಜಿನ ಮೇಲೆಯೇ ಮಲಗುತ್ತಿದ್ದ. 1999ರಲ್ಲಿ ಒಂಬತ್ತು ಚೆಂಡಿನ ಪೂಲ್‌ನಲ್ಲಿಯೂ 2004ರಲ್ಲಿ ಎಂಟು ಚೆಂಡಿನ ಪೂಲ್‌ನಲ್ಲಿಯೂ ವಿಶ್ವ ಚಾಂಪಿಯನ್ ಆದ. ಆ ದೇಶದಲ್ಲಿ ಮೇಜು ಬೀದಿಗೆ ಇಳಿದಿತ್ತು. ಆದ್ದರಿಂದ ಬೀದಿಯ ಹುಡುಗ ವಿಶ್ವದ ಮಟ್ಟಕ್ಕೆ ಏರಿದ.

1953ರ ಅಕ್ಟೋಬರಿನಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ರಾಯದುರ್ಗವು ಆದವಾನಿ, ಆಲೂರುಗಳೊಂದಿಗೆ ಬಳ್ಳಾರಿಯಿಂದ ಬೇರೆಯಾಯಿತು. ಅಂದಿನಿಂದ ಇಲ್ಲಿಯ ಕನ್ನಡ ಮನೆಯ ಮಕ್ಕಳು ಓದಿಗೆ ಒಂದು ಕಡೆ, ಉದ್ಯೋಗಕ್ಕೆ ಇನ್ನೊಂದು ಕಡೆ ನೋಡುತ್ತ ಬೆಳೆದಿದ್ದಾರೆ. ಮೂರು ದಿಕ್ಕಿಗೂ ಕರ್ನಾಟಕವನ್ನೇ ಹೊದ್ದಿರುವ, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರಾದ ಪಾಡೂ ಬೇರೆಯಲ್ಲ. ಆಟದಲ್ಲಿಯೂ ಹೀಗೆಯೇ: ಬೆಂಗಳೂರಿನ ಮೇಜು ಪಕ್ಕದ ರಾಜ್ಯದ್ದು, ಸ್ವಂತ ರಾಜ್ಯದ ದೊಡ್ಡ ನಗರಗಳು ದೂರದವು. ಬಿಲಿಯರ್ಡ್ಸ್ ಮತ್ತು ಸ್ನೂಕರ್ 1998ರಿಂದ 2010ರವರೆಗೆ ಏಷ್ಯನ್ ಕೂಟದಲ್ಲಿದ್ದು 2014ರಲ್ಲಿ ಕೈಬಿಟ್ಟುಹೋದ ಮೇಲೆ, ಪದಕಗಳನ್ನು ನೋಡಿಯೇ ನೆರವು ನೀಡುವ ವ್ಯವಸ್ಥೆಯಲ್ಲಿ ಈ ಆಟದ ತರುಣರ ಬಲ ಇನ್ನಷ್ಟು ಕುಗ್ಗಿತು.

ಬಿಸಿಲಿನಲ್ಲಿ ಕಣ್ಣು ಕಿರಿದಾಗಿಸಿ ಹತ್ತು ಗೇಣು ದೂರದ ಗೋಲಿಯನ್ನು ಚಿಮ್ಮಿಸುವ ಹುಡುಗರು ಅಮರಾಪುರದಲ್ಲಿಯೂ ರೊಳ್ಳದಲ್ಲಿಯೂ ಡಿ. ಹಿರೇಹಾಳದಲ್ಲಿಯೂ ಇದ್ದಾರೆ. ಕೇರಂ ಹಲಗೆಯ ಅಂಚಿಗೆ ತಾಕಿಸಿ ಎದುರು ಮೂಲೆಯ ಕಾಯಿಯನ್ನು ಬೀಳಿಸುವ ಹುಡುಗಿಯರೂ ಇದ್ದಾರೆ. ಕೋನವನ್ನು ಅಳೆಯುವ ಆ ಕಣ್ಣು, ಬಲವನ್ನು ತೂಗುವ ಆ ಬೆರಳು ಬಿಲಿಯರ್ಡ್ಸ್ ಬೇಡುವ ಬಂಡವಾಳವೇ. ತಾಲ್ಲೂಕು ಕೇಂದ್ರದ ಒಂದು ಕಾಲೇಜಿನಲ್ಲೋ, ನೌಕರರ ಭವನದಲ್ಲೋ, ಪುರಸಭೆಯ ಕಟ್ಟಡದಲ್ಲೋ ಸಾರ್ವಜನಿಕರಿಗೆ ತೆರೆದ ಒಂದೇ ಒಂದು ಮೇಜು, ಅದರ ಬಳಿ ಕಲಿಸಬಲ್ಲ ಒಬ್ಬರು, ಇಷ್ಟು ಸಾಕು. ಉಮಾದೇವಿಯವರಿಗೆ ದೊರೆತದ್ದೂ ಅದಕ್ಕಿಂತ ಬಹಳ ಹೆಚ್ಚಿನದೇನಲ್ಲ. ಜೋನ್ಸ್, ಫೆರೇರಾ, ಸೇಥಿ, ಅಡ್ವಾಣಿ ಇವರಲ್ಲಿ ಯಾರು ದೊಡ್ಡವರೆಂಬ ವಾದ ರಾಯದುರ್ಗದ ಚಹದಂಗಡಿಗೂ ಬರಲಿ. ಅದರೊಂದಿಗೆ, ಆ ಮೇಜು ಇಲ್ಲಿಗೆ ಬರುವುದು ಎಂದಿಗೆ ಎಂಬ ಪ್ರಶ್ನೆಯೂ ಬರಲಿ.